ಕಾಕಾನ ನಾಲ್ಕು ಸಾಲಿನ ಕತೆ

ನಮ್ಮ ಕಾಕಾ ಸುಳ್ಳು ಹೇಳುವವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ಆ ಸಂಭಾವಿತ ಮನುಷ್ಯನನ್ನು ತಪ್ಪು ತಿಳಿದೀರಿ! ಅವರು ಶುರು ಮಾಡುವುದು ಯಾವಾಗಲೂ ಖರೆಯಿಂದಲೇ. ಆದರೆ ಖರೆ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಇಳಿಯುವ ಅಭ್ಯಾಸ ಅವರಿಗಿಲ್ಲ. ಬಸ್ಸಿನಲ್ಲಿ ನಿದ್ದೆ ಹತ್ತಿದವರ ಹಾಗೆ ಇನ್ನೆರಡು ಊರು ದಾಟಿಯೇ ಇಳಿಯುತ್ತಾರೆ. ಸೋಮವಾರ ಅವರ ಕಾಲಿಗೆ ಜಾಲಿಮುಳ್ಳು ಚುಚ್ಚಿದರೆ ಬುಧವಾರಕ್ಕೆ ಅದು ಮೊಳೆಯಾಗಿರುತ್ತದೆ, ಶುಕ್ರವಾರಕ್ಕೆ ಚೇಳು, ಭಾನುವಾರ ಮನೆಗೆ ಬೀಗರು ಬಂದರಂತೂ ಹೆಡೆ ಬಿಚ್ಚಿದ ನಾಗರಹಾವು. ಬೀಗರು ಗಾಬರಿಯಿಂದ ಕಾಲು ನೋಡಿದರೆ ಅಲ್ಲಿ ಗಾಯವೂ ಇರುವುದಿಲ್ಲ. ಅದಕ್ಕೂ ಒಂದು ಗಿಡಮೂಲಿಕೆಯ ಕತೆ ತಯಾರಿರುತ್ತದೆ.

ಪಾಪ, ಅವರದೇನು ತಪ್ಪು? ಕಸುಬು ಅಂಥದು. ಇಪ್ಪತ್ತೆಂಟು ವರ್ಷ ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸಿದ್ದಾರೆ. ಬರೀ ಸೀರೆ ಬಿಚ್ಚಿದರೆ ಯಾರು ಕೊಳ್ಳುತ್ತಾರೆ? ಜತೆಗೆ ಕತೆಯನ್ನೂ ಬಿಚ್ಚಬೇಕು. ಒಮ್ಮೆ ಬೆಳಗಾವಿ ಕಡೆಯ ಹೆಂಗಸೊಬ್ಬರು ದಾಳಿಂಬೆ ಬಣ್ಣದ ಸೀರೆಯನ್ನು ಹಿಡಿದು ಬೇಕೋ ಬೇಡವೋ ಎಂದು ತೂಗುತ್ತ ಕುಳಿತಿದ್ದರಂತೆ. ಕಾಕಾ ನಿಟ್ಟುಸಿರು ಬಿಟ್ಟು, "ಇದನ್ನ ನೇಯ್ದ ಮುದುಕ ಸೆರಗು ಮುಗಿಸಿದ ದಿನಾನ ಕಣ್ಣು ಕಳಕೊಂಡ್ರಿ, ಇದ ಆತನ ಕಡೀ ಸೀರಿ" ಅಂದರು. ಆಕೆ ಕಣ್ಣೊರೆಸಿಕೊಂಡು ಎರಡು ಸೀರೆ ಕೊಂಡರು. ದುಡ್ಡು ಕೊಡುವಷ್ಟರಲ್ಲಿ ಅದೇ ಮುದುಕ ಸೈಕಲ್ಲಿನ ಮೇಲೆ ಬಂದು, ಅಂಗಡಿಯ ಮುಂದೆ ಇಳಿದು, "ಯಜಮಾನ್ರ, ಕೆಂಪು ರೇಶಿಮಿ ಬಂತೇನ್ರಿ?" ಎಂದು ಕೇಳಿದ. ಕಾಕಾ ಒಂದು ರೆಪ್ಪೆ ಕೂಡ ಬಡಿಯದೆ, "ಇಂವ ಅವನ ತಮ್ಮ" ಅಂದರು.

ಎರಡು ವರ್ಷದ ಹಿಂದೆ ಆ ಅಂಗಡಿಯ ಮಾಲೀಕರು ವಯಸ್ಸಾಯಿತೆಂದು ಬಾಗಿಲು ಹಾಕಿದರು. ಕಾಕಾನಿಗೆ ಆಗ ಐವತ್ತನಾಲ್ಕು. ಮನೆಯಲ್ಲಿ ಒಂದು ತಿಂಗಳು ಕುಳಿತರು. ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಮದುವೆಯಾದಾಗಿನಿಂದ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುವವಳು. ಅವಳ ಒಲೆಯ ಪಕ್ಕದಲ್ಲಿ ಹಗಲೆಲ್ಲ ಕುಳಿತು, ರೊಟ್ಟಿ ಹೇಗೆ ತಿರುವಬೇಕು ಎಂದು ಅವಳಿಗೇ ಹೇಳಿಕೊಡತೊಡಗಿದಾಗ, "ಎಲ್ಲ್ಯರ ಒಂದು ಅಂಗಡಿ ನೋಡ್ಕೋರಿ ಮಾರಾಯ್ರ, ಇಲ್ಲಾಂದ್ರ ಹಂಚು ನಿಮ್ಮ ಕೈಯಾಗ ಕೊಟ್ಟು ನಾ ಹೊಂಟೆ" ಅಂದಳು. ಕಾಕಾ ಅಂದೇ ಪಣ ತೊಟ್ಟರು. ಇನ್ನೊಬ್ಬರ ಗಾದಿ ಸಾಕು, ನಡೆಯುತ್ತಿರುವ ಒಂದು ಸಣ್ಣ ವ್ಯಾಪಾರವನ್ನು ಕೊಂಡು ಅದರ ಗಾದಿಯ ಮೇಲೆ ತಾವೇ ಕೂಡಬೇಕು! ಬೇಕಾದ ಗಂಟು ಇತ್ತು, ಉಮೇದು ಬೇಕಾದದ್ದಕ್ಕಿಂತ ಹೆಚ್ಚು ಇತ್ತು. ಹಾಗಾದರೆ ತೊಂದರೆ ಏನು ಅನ್ನುತ್ತೀರಾ?

ನಮ್ಮ ಕಡೆ ನಡೆಯುವ ಅಂಗಡಿಯನ್ನು ಮಾರುವವರು ಬೆಲೆಯ ಮಾತನ್ನು ಮೊದಲು ಎತ್ತುವುದಿಲ್ಲ. ಮೊದಲು ಕುಂದರ್ರಿ ಅನ್ನುತ್ತಾರೆ, ಚಾ ತರಿಸುತ್ತಾರೆ, ಆಮೇಲೆ "ನೀವು ಯಾರ ಪೈಕಿ? ಇದು ನಿಮಗ ಯಾಕ ಬೇಕು?" ಎಂದು ಕೇಳುತ್ತಾರೆ. ಮೂವತ್ತು ವರ್ಷ ದಿನಾ ಊದಿನಕಡ್ಡಿ ಹಚ್ಚಿದ ಜಾಗ, ಹೆಸರು ಹಿಡಿದು ಕರೆಯುವ ಗಿರಾಕಿಗಳು, ಇದನ್ನೆಲ್ಲ ಎಂಥವನ ಕೈಗೆ ಹಾಕುತ್ತಿದ್ದೇವೆ ಎಂದು ತಿಳಿಯುವ ಆಸೆ ಅವರಿಗೆ. ಕೇಳುವುದು ಇಷ್ಟೇ, ನಿನ್ನ ಕತೆ ಸರಳವಾಗಿ ಹೇಳಪ್ಪ ಅಂತ. ಕತೆ ಹೇಳು ಎಂದು ನಮ್ಮ ಕಾಕಾನಿಗೆ ಹೇಳುವುದು, ಕುಣಿಯುತ್ತಿದ್ದವನಿಗೆ ಗೆಜ್ಜೆ ಕಟ್ಟಿದ ಹಾಗಲ್ಲವೆ?

ಮೊದಲ ಬೇಟೆ ಬಾದಾಮಿಯಲ್ಲಿ. ಗುಹೆಗಳಿಗೆ ಹೋಗುವ ದಾರಿಯಲ್ಲಿ ಒಂದು ಚಾದಂಗಡಿ, ಮಿರ್ಚಿ ಭಜಿಗೆ ಹೆಸರಾದದ್ದು. ಮಾಲೀಕರಿಗೆ ಮೊಣಕಾಲು ನೋವು, ನಿಲ್ಲಲು ಆಗುವುದಿಲ್ಲ, ಯೋಗ್ಯರಿಗೆ ಕೊಟ್ಟುಬಿಡೋಣ ಎಂದಿದ್ದರು. ಚಾ ಬಂತು. ಪ್ರಶ್ನೆಯೂ ಬಂತು. ಸೀರೆ ಮಾರುತ್ತಿದ್ದೆ, ಈಗ ಚಾ ಮಾರುತ್ತೇನೆ ಎಂದಿದ್ದರೆ ಸಾಕಿತ್ತು. ಕಾಕಾ ಎದುರಿಗಿದ್ದ ಕೆಂಪು ಬಂಡೆಯ ಗುಡ್ಡವನ್ನು ಭಕ್ತಿಯಿಂದ ನೋಡಿದರು.

"ಈ ಊರಿಗೂ ನಮಗೂ ಹದಿಮೂರು-ಹದಿನಾಕುನೂರು ವರ್ಷದ ನಂಟ್ರಿ. ನಮ್ಮ ಮೂಲಪುರುಷ ಚಾಲುಕ್ಯರ ಅರಮನಿಯೊಳಗ ಅಡಗಿ ಮಾಡ್ತಿದ್ದ. ರಾಜ ಯುದ್ಧಕ್ಕ ಹೊಂಟನಂದ್ರ, ನಮ್ಮ ಮುತ್ತ್ಯಾನ ಕೈಯಾಗಿನ ಎರಡು ಮಿರ್ಚಿ ಭಜಿ ತಿಂದ ಕುದುರಿ ಹತ್ತಾಂವ!"

ಮಾಲೀಕರ ಕಣ್ಣು ಅಗಲವಾದವು. ಆದರೆ ಪಕ್ಕದ ಬೆಂಚಿನಲ್ಲಿ ಪ್ರವಾಸಿಗರಿಗೆ ಗುಹೆ ತೋರಿಸುವ ಗೈಡ್ ಒಬ್ಬ ಚಾ ಕುಡಿಯುತ್ತಿದ್ದ. ಅವನು ಬಸಿಯನ್ನು ಕೆಳಗಿಟ್ಟು ಬಹಳ ವಿನಯದಿಂದ ಹೇಳಿದ: "ಯಜಮಾನ್ರ, ಚಾಲುಕ್ಯರ ಕಾಲಕ್ಕ ನಮ್ಮ ದೇಶದಾಗ ಮೆಣಸಿನಕಾಯಿ ಇದ್ದಿದ್ದಿಲ್ರಿ. ಅದು ಎಷ್ಟೋ ನೂರು ವರ್ಷ ಆದಮ್ಯಾಲ ಹಡಗದಾಗ ಬಂದದ್ದು."

ಬೇರೆ ಯಾರೇ ಆಗಿದ್ದರೂ ಎದ್ದು ಬರುತ್ತಿದ್ದರು. ಕಾಕಾ ಒಂದು ಗುಟುಕು ಚಾ ಕುಡಿದು, "ಹಂಗಾರ ಬದನಿಕಾಯಿ ಭಜಿ ಇರಬೇಕು" ಅಂದರು! ಮಾಲೀಕರು ಚಾದ ದುಡ್ಡು ತೆಗೆದುಕೊಳ್ಳಲಿಲ್ಲ. ಅಂಗಡಿಯನ್ನೂ ಕೊಡಲಿಲ್ಲ. ಮನೆಗೆ ಬಂದು ಕಾಕಾ ನಮಗೆ ಹೇಳಿದ್ದು, ಆ ಜಾಗದ ವಾಸ್ತು ಸರಿ ಇರಲಿಲ್ಲ ಅಂತ.

ಎರಡನೆಯದು ಬಾಗಲಕೋಟೆಯಲ್ಲಿ. ಇದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ, ಕಾಕಾನಿಗೆ ಆಗುವುದಿಲ್ಲ. ನವನಗರದಲ್ಲಿ ಒಂದು ಭಾಂಡೆ ಅಂಗಡಿ. ಸ್ಟೀಲಿನ ಪಾತ್ರೆ ಕೊಂಡರೆ ಅದರ ಮೇಲೆ ಹೆಸರು ಕೊರೆದುಕೊಡುತ್ತಿದ್ದರು. ಮಾಲೀಕರು ಮೆತ್ತಗಿನ ಮನುಷ್ಯ. ಅಣೆಕಟ್ಟಿನ ಹಿನ್ನೀರು ಬಂದು ಹಳೆ ಬಾಗಲಕೋಟೆ ಮುಳುಗಿದಾಗ ಮನೆ, ಅಂಗಡಿ ಎರಡನ್ನೂ ಕಳೆದುಕೊಂಡು ಹೊಸ ಊರಿಗೆ ಬಂದವರು. ಕಾಕಾ ಇದನ್ನು ಮೊದಲೇ ಯಾರಿಂದಲೋ ತಿಳಿದುಕೊಂಡು ಹೋಗಿದ್ದರು. ತಿಳಿದುಕೊಂಡದ್ದೇ ತಪ್ಪಾಯಿತು ನೋಡಿ! "ನಿಮ್ಮ ಸಂಕಟ ನನಗ ಗೊತ್ತೈತ್ರಿ. ನಮ್ಮದೂ ಮುಳಗಡಿ ಮನಿನ" ಎಂದು ಪಂಚೆಯ ತುದಿಯಿಂದ ಕಣ್ಣು ಒತ್ತಿಕೊಂಡರು. ಇಳಕಲ್ಲಿನಲ್ಲಿ ನಮ್ಮ ಮನೆಗೆ ನೀರು ನುಗ್ಗಿದ್ದು ಒಂದೇ ಸಲ, ಚಿಗವ್ವ ನಳ ಬಂದ್ ಮಾಡಲು ಮರೆತಾಗ.

ಮಾಲೀಕರ ಮುಖ ಅರಳಿತು. ನಮ್ಮೂರಿನವರೇ ಸಿಕ್ಕರಲ್ಲ ಎಂಬ ಸಂತೋಷ ಅವರಿಗೆ. ಯಾವ ಓಣಿ ಎಂದು ಕೇಳಿದರು, ಕಾಕಾ ನೀರಿನ ದಂಡೆಯ ಓಣಿ ಎಂದು ಹಾರಿಸಿದರು. ಆಮೇಲೆ ಅವರು ಸಹಜವಾಗಿ ಕೇಳಿದರು: "ನಿಮ್ಮ ತಲಬಾಗಿಲ ಚೌಕಟ್ಟು ಈಗ ಎಲ್ಲಿ ಕೂಡಿಸೀರಿ?"

"ಎಲ್ಲೀ ಚೌಕಟ್ಟು ಬಿಡ್ರಿ! ಎಲ್ಲಾ ನೀರಿಗೆ ಬಿಟ್ಟು, ಉಟ್ಟ ಬಟ್ಟಿಮ್ಯಾಲ ಬಂದ್ವಿ."

ಮುಳುಗಡೆಯ ಊರಿನವರು ಗೋಡೆ ಬಿಟ್ಟು ಬಂದಾರು, ಅಂಗಳ ಬಿಟ್ಟು ಬಂದಾರು, ಅಜ್ಜ ಮಾಡಿಸಿದ ಸಾಗವಾನಿ ಚೌಕಟ್ಟನ್ನು ಬಿಟ್ಟು ಬರುತ್ತಾರೆಯೆ? ಒಬ್ಬೊಬ್ಬರೂ ಬಾಗಿಲು, ಕಂಬ, ತೊಲೆ ಎಲ್ಲ ಕಿತ್ತು, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೊಸ ಊರಿಗೆ ತಂದವರು. ಕಾಕಾ ಕುಳಿತಿದ್ದ ಅಂಗಡಿಯ ಬಾಗಿಲೂ ಹಾಗೆ ಬಂದದ್ದೇ! ಮಾಲೀಕರು ಎದ್ದು ಆ ಚೌಕಟ್ಟಿನ ಮೇಲೆ ಕೈ ಇಟ್ಟು, "ನೀವು ಮುಳಗಡಿ ಮಂದಿ ಅಲ್ರಿ" ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಕಾಕಾ ಅಂದು ಮನೆಗೆ ಬಂದು ವಾಸ್ತುವಿನ ಮಾತನ್ನೂ ಎತ್ತಲಿಲ್ಲ.

ಇಷ್ಟಾದ ಮೇಲೆ ಚಿಗವ್ವ ನನ್ನನ್ನು ಕರೆಸಿದಳು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮಕ್ಕಳಿಗೆ ಹೇಳಿ ಹೇಳಿ ನನ್ನ ಗಂಟಲು ಸವೆದಿದೆ. ನಾಲ್ಕು ಸಾಲಿನ ಮೇಲೆ ಐದನೆಯದನ್ನು ಬರೆಯುವ ಮಗು ನನಗೆ ಇನ್ನೂ ಸಿಕ್ಕಿಲ್ಲ. ಮನೆಯಲ್ಲಿ ಮಾತ್ರ ಇಂಥ ಪ್ರತಿಭೆ! ಹುನಗುಂದದಲ್ಲಿ ಒಬ್ಬ ಮುದುಕಿಯ ಹಿಟ್ಟಿನ ಗಿರಣಿ ಮಾರಾಟಕ್ಕಿದೆ ಎಂಬ ಸುದ್ದಿ ಬಂದಿತ್ತು. ನಾನು ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು ಕಾಕಾನ ಕೈಗೆ ಕೊಟ್ಟೆ. ನಾನು ಇಳಕಲ್ಲಿನವನು. ಇಪ್ಪತ್ತೆಂಟು ವರ್ಷ ಸೀರೆ ಅಂಗಡಿಯಲ್ಲಿ ದುಡಿದೆ. ಈಗ ನನ್ನದೇ ಒಂದು ಸಣ್ಣ ವ್ಯಾಪಾರ ಬೇಕಾಗಿದೆ. ನಿಮ್ಮ ಗಿರಣಿಯನ್ನು ಚೆನ್ನಾಗಿ ನಡೆಸುತ್ತೇನೆ.

ಕಾಕಾ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದರಾಗ ಕತಿ ಎಲ್ಲೈತಿ ಯವ್ವಾ? ರೇಷನ್ ಕಾರ್ಡಿನ ಅರ್ಜಿ ಇದ್ದಂಗೈತಿ."

"ಇದ ಹೇಳ್ಬೇಕು ಕಾಕಾ. ಇದರಮ್ಯಾಲ ಒಂದು ಅಕ್ಷರ ಹೇಳಬಾರದು. ನಾನೂ ಸಂಗಾಟ ಬರ್ತೇನಿ."

"ಪೊಲೀಸರು ಕೈದೀನ್ನ ಕರಕೊಂಡ್ ಹೋದಂಗ?"

"ಹೂಂ, ಹಂಗ."

ಇಳಕಲ್ಲಿನಿಂದ ಹುನಗುಂದಕ್ಕೆ ಬಸ್ಸು ಹತ್ತಿದರೆ ಕಂಡಕ್ಟರ್ ಚಿಲ್ಲರೆ ಕೊಡುವಷ್ಟರಲ್ಲಿ ಊರು ಬಂದಿರುತ್ತದೆ. ಆ ಸಣ್ಣ ದಾರಿಯಲ್ಲೇ ನನ್ನ ನಾಲ್ಕು ಸಾಲಿನ ಗತಿ ಏನಾಯಿತು ಕೇಳಿ. ಊರ ಹೊರಗಿನ ಗ್ರಾನೈಟ್ ಕ್ವಾರಿ ದಾಟುವಾಗ ಕಾಕಾ, "ಸೀರಿ ಅಂಗಡಿ ಅಂದ್ರ ಸಪ್ಪ ಆತು, ಮಂತ್ರಿಗಳ ಮನಿಗೆಲ್ಲಾ ನಾನ ಸೀರಿ ಕಳಸ್ತಿದ್ದೆ ಅನ್ನಲೇನು?" ಅಂದರು. ಬೇಡ ಅಂದೆ. ಇನ್ನೊಂದು ಹಳ್ಳಿ ದಾಟಿದ ಮೇಲೆ, ತಾವು ಹುಟ್ಟಿದ್ದೇ ಗಿರಣಿಯಲ್ಲಿ, ತಾಯಿ ಜೋಳ ಬೀಸಲು ಹೋದಾಗ, ಎಂದು ಸೇರಿಸಲು ಪರವಾನಿಗೆ ಕೇಳಿದರು. ಹುನಗುಂದದ ಬಸ್ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಆ ತಾಯಿಗೆ ಹೆರಿಗೆ ಮಾಡಿಸಿದ್ದು ಗಿರಣಿಯ ಮುದುಕಿಯ ಅತ್ತೆಯೇ ಆಗಿಬಿಟ್ಟಿದ್ದಳು! ನಾನು ನಿಲ್ದಾಣದಲ್ಲೇ ನಿಂತು, ಇನ್ನೊಂದು ಮಾತು ಸೇರಿಸಿದರೆ ಹೀಗೇ ತಿರುಗಿ ಹೋಗುತ್ತೇನೆ ಎಂದು ಗದರಿದೆ. ಐವತ್ತಾರು ವರ್ಷದ ಮನುಷ್ಯ ತಲೆ ತಗ್ಗಿಸಿ, "ಆತು, ಚೀಟಿ ಕೊಡು" ಅಂದರು.

ಗಿರಣಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಒಡತಿ ಎಪ್ಪತ್ತು ದಾಟಿದ ಮುದುಕಿ. ಊರೆಲ್ಲ ಅವಳನ್ನು ಗಿರಣಿ ಆಯಿ ಎಂದೇ ಕರೆಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು, ಈಗ ಡಬ್ಬಿ ಎತ್ತಲು ಶಕ್ತಿ ಇರಲಿಲ್ಲ. ನಮಗಿಂತ ಮೊದಲು ಬಂದ ಇಬ್ಬರನ್ನು ಅವಳು ಹಾಗೇ ಅಟ್ಟಿದ್ದಳಂತೆ. ಒಬ್ಬನಿಗೆ ಬರೀ ಜಾಗ ಬೇಕಾಗಿತ್ತು, ಮೊಬೈಲ್ ಅಂಗಡಿ ಹಾಕಲು. ಇನ್ನೊಬ್ಬ ಗಿರಣಿಯನ್ನೇ ನಡೆಸುತ್ತೇನೆ ಅಂದ, ಆದರೆ ಗೋಧಿ ಬೀಸಿದ ಕಲ್ಲಿಗೆ ಜೋಳ ಹಾಕಿದರೆ ಏನಾಗುತ್ತದೆ ಎಂದು ಕೇಳಿದಾಗ, ಏನೂ ಆಗುವುದಿಲ್ಲ ಅಂದುಬಿಟ್ಟ. ಏನೂ ಆಗುವುದಿಲ್ಲವೆ! ಗೋಧಿಯ ಜಿಗಿ ಸೇರಿದ ಜೋಳದ ಹಿಟ್ಟಿನ ರೊಟ್ಟಿಯನ್ನು ಹಂಚಿಗೆ ಹಾಕಿದ ಹೆಣ್ಣುಮಗಳು ಎಷ್ಟು ತಲೆಮಾರಿನವರನ್ನು ಹಿಡಿದು ಬೈಯುತ್ತಾಳೆಂದು ಅವನಿಗೇನು ಗೊತ್ತು. ಆಯಿಯ ಗಿರಣಿಯಲ್ಲಿ ಮುಂಜಾನೆ ಮೊದಲು ಜೋಳ, ಆಮೇಲೆ ಸಜ್ಜೆ, ಕೊನೆಗೆ ಗೋಧಿ. ತಹಶೀಲ್ದಾರರ ಮನೆಯ ಗೋಧಿ ಬಂದರೂ ಜೋಳ ಮುಗಿಯುವ ತನಕ ಹೊರಗೇ ಕಾಯಬೇಕು.

ನಾವು ಹೋದಾಗ ಜೋಳದ ಪಾಳಿ ನಡೆದಿತ್ತು. ಹೆಂಗಸರು ಡಬ್ಬಿಗಳನ್ನು ಸಾಲಾಗಿ ಇಟ್ಟು ಕಾಯುತ್ತಿದ್ದರು. ಕಲ್ಲು ತಿರುಗುವ ಸದ್ದು, ಬೆಲ್ಟಿನ ಪಟ್ಟಾ ಬಡಿಯುವ ಸದ್ದು, ಮೋಟರಿನ ಸದ್ದು ಮೂರೂ ಸೇರಿ ನನ್ನ ಹಲ್ಲೇ ನಡುಗುತ್ತಿದ್ದವು. ಅಲ್ಲಿ ಚಾ ಇಲ್ಲ, ಕುಂದರ್ರಿ ಇಲ್ಲ. ಆಯಿ ಹಿಟ್ಟು ಬೀಳುವ ಬಾಯಿಗೆ ಕೈ ಒಡ್ಡಿ ಬೆರಳಲ್ಲಿ ತಿಕ್ಕಿ ನೋಡುತ್ತಲೇ, ನಮ್ಮ ಕಡೆ ತಿರುಗಿ ಕೂಗಿದಳು: "ಯಾರ ಪೈಕಿ?"

ಕಾಕಾ ಚೀಟಿಯನ್ನು ಜೇಬಿಗೆ ಹಾಕಿದರು.

"ಆಯೀ, ನಾ ಹುಟ್ಟಿದ ದಿನ ಆಕಾಶದಾಗ ಒಂದು ದೊಡ್ಡ..."

"ಏನು? ಕೇಳವಲ್ದು!"

"ನಾ ಹುಟ್ಟಿದ ದಿನಾ..."

"ಸಣ್ಣದು ಹೇಳಪಾ! ಜೋರ ಹೇಳು!"

ಇಪ್ಪತ್ತೆಂಟು ವರ್ಷದ ಅನುಭವಿ ಆ ಗಿರಣಿಯ ಸದ್ದಿನ ಮುಂದೆ ಬೆಪ್ಪಾಗಿ ನಿಂತರು. ಅಲ್ಲಿ ಮೂರು ಶಬ್ದಕ್ಕಿಂತ ಉದ್ದದ ಮಾತು ಬದುಕುವಂತಿರಲಿಲ್ಲ. ಸ್ವರ ಇಳಿಸಿ ಹೇಳುವಂತಿಲ್ಲ, ನಿಟ್ಟುಸಿರು ಬಿಟ್ಟರೆ ಕೇಳುವುದಿಲ್ಲ, ಕಣ್ಣೊರೆಸಿಕೊಂಡರೆ ಹಿಟ್ಟು ಬಿತ್ತೇನೋ ಅಂದುಕೊಳ್ಳುತ್ತಾರೆ. ಆಯಿ ಮತ್ತೆ ಕೂಗಿದಳು: "ಗಿರಣಿ ಯಾಕ ಬೇಕು?"

ಕಾಕಾ ನನ್ನತ್ತ ನೋಡಿದರು. ಈಗ ನಾಲ್ಕು ಸಾಲು ಬರುತ್ತದೆ ಎಂದು ನಾನು ಕಾದೆ. ಬಂದದ್ದು ಬೇರೆ.

"ಹೇಣ್ತಿಗೆ!"

"ಯಾರಿಗೆ?"

"ನನ್ನ ಹೇಣ್ತಿಗೆ! ರೊಟ್ಟಿ ಮಾಡ್ತಾಳ! ಖಾನಾವಳಿಗೆ!"

"ಎಷ್ಟ ವರ್ಷಾತು?"

"ಮೂವತ್ತು! ರಟ್ಟಿ ಹೋಗ್ಯಾವ! ಕೈ ಮ್ಯಾಲ ಏಳೂದಿಲ್ಲ!"

ಇದು ನನಗೆ ಗೊತ್ತಿರಲಿಲ್ಲ. ಚಿಗವ್ವ ಯಾರ ಮುಂದೆಯೂ ಹೇಳಿರಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ಸೆರಗು ಸರಿಪಡಿಸಿಕೊಂಡು ಹತ್ತಿರ ಬಂದರು.

"ಹಿಟ್ಟು ಗೊತ್ತೇನು ಆಕಿಗೆ?" ಆಯಿ ಕೂಗಿದಳು.

"ಮುಟ್ಟಿದ್ರ ಹೇಳ್ತಾಳ! ಯಾವ ಜ್ವಾಳ ಅಂತ! ಆಕಿ ಕುಂದರ್ಬೇಕು! ಒಲಿ ಬಿಟ್ಟು! ಕುರ್ಚಿಮ್ಯಾಲ!"

"ಮತ್ತ ಇಷ್ಟ ದಿನ ನೀ ಏನ್ ಕೊಟ್ಟಿ ಆಕಿಗೆ?"

ಕಾಕಾ ಎದೆ ತುಂಬ ಉಸಿರು ಎಳೆದುಕೊಂಡರು. ಸರಿಯಾಗಿ ಆ ಹೊತ್ತಿಗೇ ಕರೆಂಟು ಹೋಯಿತು. ಮೋಟರು ನಿಂತಿತು, ಕಲ್ಲು ನಿಂತಿತು, ಪಟ್ಟಾ ಒಮ್ಮೆ ಉಸ್ಸೆಂದು ಸುಮ್ಮನಾಯಿತು. ಕಾಕಾನ ಗಂಟಲು ಮಾತ್ರ ನಿಲ್ಲಲಿಲ್ಲ.

"ನಾ ಆಕಿಗೆ ಏನೂ ಕೊಟ್ಟಿಲ್ಲ!"

ಓಣಿಗೆ ಓಣಿಯೇ ಕೇಳಿಸಿಕೊಂಡಿತು. ಎದುರಿನ ಪಾನಂಗಡಿಯವನು ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಕೈ ತಡೆದು ನೋಡಿದ. ಕಾಕಾನ ಕಿವಿ ಕೆಂಪಾದವು. ಟವೆಲಿನಿಂದ ಮುಖ ಒರೆಸಿಕೊಂಡರು, ಟವೆಲಿನ ತುಂಬ ಹಿಟ್ಟಿತ್ತು, ಮುಖವೆಲ್ಲ ಬೆಳ್ಳಗಾಯಿತು. ಒಬ್ಬರೂ ನಗಲಿಲ್ಲ. ಆಯಿ ಕೈ ಒರೆಸಿಕೊಂಡು, ಈಗ ಕೂಗಬೇಕಾದ ಅಗತ್ಯವಿಲ್ಲದ್ದರಿಂದ ಮೆಲ್ಲಗೆ ಹೇಳಿದಳು: "ನಾಳೆ ಆಕಿನ್ನ ಕರಕೊಂಡ್ ಬಾ. ಕೊಟ್ರ ಗಿರಣಿ ಆಕಿಗೆ ಕೊಡ್ತೇನಿ. ನೀ ಡಬ್ಬಿ ಇಳಸಾಕ ಇರು."

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಒಂದು ಮಾತೂ ಆಡಲಿಲ್ಲ. ನನಗೆ ಭಯವೇ ಆಯಿತು. ಮನೆಯಲ್ಲಿ ಚಿಗವ್ವ ಒಲೆಯ ಮುಂದಿದ್ದಳು, ಸಂಜೆಯ ರೊಟ್ಟಿ ನಡೆದಿತ್ತು. ಏನಾಯಿತೆಂದು ಕೇಳಿದಳು.

"ಏನಿಲ್ಲ. ಗಿರಣಿ ಯಾಕ ಬೇಕಂದ್ಲು. ಬೇಕು ಅಂದೆ. ನಾಳೆ ನಿನ್ನ ಕರದಾಳ" ಎಂದು ಹೇಳಿ ಕಾಕಾ ಕಾಲು ತೊಳೆಯಲು ಹಿತ್ತಿಲಿಗೆ ಹೋದರು. ಅವರ ಜೀವಮಾನದಲ್ಲೇ ಅಷ್ಟು ಸಣ್ಣ ಕತೆಯನ್ನು ನಾನು ಕೇಳಿರಲಿಲ್ಲ. ತಡೆಯಲಾರದೆ ನಾನೇ ಚಿಗವ್ವನಿಗೆ ಎಲ್ಲವನ್ನೂ ಹೇಳಿದೆ, ಕರೆಂಟು ಹೋದದ್ದು, ಆ ಕೊನೆಯ ಕೂಗು, ಎಲ್ಲ. ಚಿಗವ್ವನ ರೊಟ್ಟಿ ಬಡಿಯುವ ಕೈ ನಿಂತಿತು.

"ಅಷ್ಟ ಮಂದಿ ಮುಂದ ಅಂದ್ರೇನು?"

"ಹೂಂ."

"ಸುಳ್ಳ ಹೇಳ್ಯಾರ ನೋಡು." ಅವಳು ಹಂಚಿನ ಕಡೆಯೇ ನೋಡುತ್ತ ಹೇಳಿದಳು. "ಏನೂ ಕೊಟ್ಟಿಲ್ಲ ಅನ್ನೂದು ಸುಳ್ಳು. ದಿನಾ ಅಂಗಡಿಯಿಂದ ಬಂದಾವರ ಇಲ್ಲೇ ಬಾಜೂಕ ಕುಂದರತಿದ್ರು. ಇವತ್ತ ಯಾರ್ ಬಂದ್ರು, ಯಾವ ಸೀರಿ ತಗೊಂಡ್ರು, ಏನಂದ್ರು, ಎಲ್ಲಾ ಹೇಳಾವ್ರು. ಅರ್ಧಾ ಹುಟ್ಟಿಸಿ ಹೇಳ್ತಾರಂತ ನನಗೂ ಗೊತ್ತಿತ್ತು. ನಕ್ಕೋತ ನಕ್ಕೋತ ನೂರು ರೊಟ್ಟಿ ಆಗಿದ್ದ ಗೊತ್ತಾಗ್ತಿದ್ದಿಲ್ಲ ಯವ್ವಾ." ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅವಳ ಕೈಯಲ್ಲಿ ರೊಟ್ಟಿ ಹೊತ್ತಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. "ಒಳಗ ಕರಿ ಅವರನ್ನ. ಹುನಗುಂದದಾಗ ಏನಾತಂತ ಅವರ ಬಾಯಿಲೇ ಕೇಳ್ತೇನಿ."

ಕಾಕಾ ಬಂದರು. ಒಲೆಯ ಪಕ್ಕದ ಮಣೆಯ ಮೇಲೆ ಕುಳಿತರು. ಮುಖದ ಹಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ. ಸ್ವಲ್ಪ ಹೊತ್ತು ಬೆಂಕಿಯನ್ನು ನೋಡಿದರು, ಚಿಗವ್ವನ ಕೈಯನ್ನು ನೋಡಿದರು, ಗಂಟಲು ಸರಿ ಮಾಡಿಕೊಂಡರು.

"ಏನಂತ ಹೇಳ್ಲಿ ನಿನಗ. ಗಿರಣಿ ಮುಂದ ಮುನ್ನೂರು ಮಂದಿ ಹೆಂಗಸ್ರು ನಿಂತಿದ್ರು..."

ಅಲ್ಲಿ ಇದ್ದವರು ಏಳು ಜನ, ನಾನೇ ಎಣಿಸಿದ್ದೆ. ಚಿಗವ್ವ ನಗುತ್ತ ಹಿಟ್ಟಿನ ಉಂಡೆ ಕೈಗೆ ತೆಗೆದುಕೊಂಡಳು. ನನ್ನ ಕಣ್ಣು ತುಂಬಿ ಬಂದವು, ನಾನು ತಿದ್ದಲು ಹೋಗಲಿಲ್ಲ.